ಒಂದೇ ಆರ್ಡರ್ ಎರಡೆರಡು ಸಲ ಸೇರುತ್ತಿದ್ದರೆ

ಪ್ರಶ್ನೆ: ಶಾಪಿಫೈನಲ್ಲಿರುವ (ಆನ್‌ಲೈನ್ ಅಂಗಡಿ ನಡೆಸುವ ವೇದಿಕೆ) ನನ್ನ ಅಂಗಡಿಯ ಆರ್ಡರ್‌ಗಳನ್ನು ಪೈಥಾನ್ ಸ್ಕ್ರಿಪ್ಟ್‌ನಿಂದ ಪೋಸ್ಟ್‌ಗ್ರೆಸ್ ಡೇಟಾಬೇಸ್‌ಗೆ ತುಂಬಿಸುತ್ತಿದ್ದೇನೆ. ಮತ್ತೆ ಓಡಿಸಿದರೆ ಅದೇ ಆರ್ಡರ್ ಇನ್ನೊಂದು ಸಲ ಸೇರುತ್ತದೆ. ಹಳೆಯ ಆರ್ಡರ್‌ಗಳು ಬರುವುದೇ ಇಲ್ಲ. ಏನು ಮಾಡಲಿ?

ಉತ್ತರ: ಟೇಬಲ್ ಖಾಲಿ ಮಾಡಿ ತುಂಬಲು ಹೋಗಬೇಡಿ, ಮಧ್ಯದಲ್ಲಿ ನೆಟ್ ಕೈಕೊಟ್ಟರೆ ಇದ್ದದ್ದೂ ಹೋಗುತ್ತದೆ ಅಲ್ವಾ? ಶಾಪಿಫೈ ಕೊಡುವ ಆರ್ಡರ್ ಐಡಿಯನ್ನೇ ಪ್ರೈಮರಿ ಕೀ (ಟೇಬಲ್‌ನಲ್ಲಿ ಎರಡು ಸಲ ಬಾರದ ಗುರುತು) ಮಾಡಿ, ‘ಇನ್ಸರ್ಟ್’ ಜೊತೆಗೆ ‘ಆನ್ ಕಾನ್‌ಫ್ಲಿಕ್ಟ್ ಡು ಅಪ್‌ಡೇಟ್’ ಬರೆಯಿರಿ; ಆಗ ಆ ಐಡಿ ಈಗಾಗಲೇ ಇದ್ದರೆ ಹೊಸ ಸಾಲು ಸೇರದೆ ಹಳೆಯದೇ ಬದಲಾಗುತ್ತದೆ. ಪೋಸ್ಟ್‌ಗ್ರೆಸ್ 9.5ರಿಂದಲೇ ಇದು ಇದೆ. ಹೊಸದನ್ನು ತರುವಾಗ ಆರ್ಡರ್ ಬಂದ ದಿನ ನೋಡಬೇಡಿ, ಕೊನೆಗೆ ಬದಲಾದ ಸಮಯ ನೋಡಿ, ಏಕೆಂದರೆ ಹಳೆಯ ಆರ್ಡರ್‌ಗೂ ಇವತ್ತು ರೀಫಂಡ್ ಆಗಿರಬಹುದು, ಅದು ತಪ್ಪಿದರೆ ಲೆಕ್ಕ ತಾಳೆಯಾಗುವುದಿಲ್ಲ. ಹಳೆಯವು ಬಾರದಿರಲು ನಿಮ್ಮ ಕೋಡ್ ಕಾರಣ ಇರಲಿಕ್ಕಿಲ್ಲ: ಮಾಮೂಲಿ ಅನುಮತಿಯಲ್ಲಿ ಕೊನೆಯ 60 ದಿನಗಳ ಆರ್ಡರ್ ಮಾತ್ರ ಸಿಗುತ್ತದೆ, ಉಳಿದದ್ದಕ್ಕೆ ‘ರೀಡ್ ಆಲ್ ಆರ್ಡರ್ಸ್’ ಅನುಮತಿ ಬೇಕು. ಹಣದ ಕಾಲಂ ನ್ಯೂಮೆರಿಕ್ (ನಿಖರ ದಶಮಾಂಶ) ಇರಲಿ, ಫ್ಲೋಟ್ (ಅಂದಾಜು ದಶಮಾಂಶ) ಬೇಡವೇ ಬೇಡ.