ಕಪ್ಪಾಗಿದ್ದು ಮುಲಾಮಿನಿಂದಲ್ಲ, ಕೆರೆತದಿಂದ

ನಮಸ್ಕಾರ.

ನಿಮ್ಮ ನಾಲ್ಕು ಪುಟದ ಪತ್ರವನ್ನು ಎರಡು ಸಲ ಓದಿದೆ. ಹೆಸರು ಹಾಕಬೇಡಿ ಎಂದಿದ್ದೀರಿ, ಹಾಕಿಲ್ಲ. ಉಳಿದ ಓದುಗರಿಗಾಗಿ ಪತ್ರದ ಸಾರ ಇಷ್ಟು. ನಿಮ್ಮ ಎಂಟು ವರ್ಷದ ಮಗಳಿಗೆ ಕೂಸಾಗಿದ್ದಾಗಿನಿಂದ ಇಸುಬು, ಡಾಕ್ಟರು ಎಕ್ಸಿಮಾ ಅನ್ನುತ್ತಾರಲ್ಲ, ಅದು. ಮೊಣಕೈ ಮಡಿಕೆ, ಮಂಡಿಯ ಹಿಂಭಾಗ ದಪ್ಪಗಾಗಿ ಕಪ್ಪಾಗಿದೆ. ರಾತ್ರಿಯಿಡೀ ಕೆರೆತ. "ಚರ್ಮ ಕಪ್ಪಾಗಿದ್ದೇ ಸ್ಟೀರಾಯ್ಡ್ ಮುಲಾಮಿನಿಂದ" ಎಂದು ಮನೆಯ ಹಿರಿಯರು ಅದನ್ನು ಬಿಡಿಸಿದ್ದಾರೆ. ಹಿಂದಿನ ಸಂಚಿಕೆಯಲ್ಲಿ ಹೊಸ ಇಂಜೆಕ್ಷನ್‌ಗಳ ಬಗ್ಗೆ ನಾವು ಬರೆದಿದ್ದನ್ನು ಓದಿ ನೀವು ಕೇಳಿದ್ದೀರಿ: "ಇಷ್ಟೆಲ್ಲ ಸಂಶೋಧನೆ ಆಗಿದೆ ಅಂತೀರಿ. ನನ್ನಂಥ ತಾಯಿಗೆ ಅದರಿಂದ ಏನು ಸಿಕ್ಕಿತು? ಇದು ನನ್ನ ತಪ್ಪಿನಿಂದ ಬಂದಿದ್ದಾ?"

ಕೊನೆಯ ಪ್ರಶ್ನೆಗೆ ಮೊದಲು ಉತ್ತರ. ಖಂಡಿತ ಅಲ್ಲ. ನೀವು ಬಸುರಿಯಲ್ಲಿ ಏನೋ ಮಾಡಿದ್ದಕ್ಕೆ, ಕೂಸಿಗೆ ಎಣ್ಣೆ ಸರಿಯಾಗಿ ಹಚ್ಚದ್ದಕ್ಕೆ ಇದು ಬಂದಿಲ್ಲ.

ನಮ್ಮ ಚರ್ಮದ ಮೇಲ್ಪದರ ಒಂದು ಗೋಡೆ ಇದ್ದ ಹಾಗೆ. ಆ ಗೋಡೆ ಗಟ್ಟಿಯಾಗಿರಲು ಫಿಲಾಗ್ರಿನ್ ಎಂಬ ಪ್ರೋಟೀನ್ ಬೇಕು. ಅದು ಕೋಶಗಳನ್ನು ಬಿಗಿಯಾಗಿಡುತ್ತದೆ, ಆಮೇಲೆ ತಾನೇ ಒಡೆದು ಚರ್ಮದಲ್ಲಿ ನೀರು ಹಿಡಿದಿಡುವ ವಸ್ತುಗಳಾಗುತ್ತದೆ. 2006ರಲ್ಲಿ ಸ್ಕಾಟ್ಲೆಂಡಿನ ಡಂಡೀ ವಿಶ್ವವಿದ್ಯಾಲಯದ ಅರ್ವಿನ್ ಮೆಕ್ಲೀನ್ ಮತ್ತು ಜೊತೆಗಾರರು ಒಂದು ದೊಡ್ಡ ಸಂಗತಿ ತೋರಿಸಿದರು. ಫಿಲಾಗ್ರಿನ್ ಮಾಡುವ ಜೀನ್ ಕೆಟ್ಟಿದ್ದರೆ ಇಸುಬು ಬರುವ ಸಾಧ್ಯತೆ ತುಂಬಾ ಜಾಸ್ತಿ. ಯುರೋಪ್ ಮೂಲದವರಲ್ಲಿ ನೂರಕ್ಕೆ ಸುಮಾರು 9 ಜನರಲ್ಲಿ ಈ ದೋಷವಿದೆ. ಬೇರೆ ಜನಾಂಗಗಳಲ್ಲಿ ಅದೇ ಜೀನಿನ ಬೇರೆ ದೋಷಗಳಿವೆ. ದೋಷ ಇದ್ದವರಿಗೆಲ್ಲ ಇಸುಬು ಬರುವುದಿಲ್ಲ, ಇಸುಬು ಬಂದವರೆಲ್ಲರಲ್ಲೂ ಈ ದೋಷ ಇರುವುದಿಲ್ಲ. ಆದರೆ ಅಲ್ಲಿಯವರೆಗೆ "ಅಲರ್ಜಿ" ಎಂದಷ್ಟೇ ಹೇಳುತ್ತಿದ್ದ ಕಾಯಿಲೆಯನ್ನು ಆಮೇಲೆ ಗೋಡೆಯ ಬಿರುಕು ಎಂದೂ ನೋಡಲು ಸಾಧ್ಯವಾಯಿತು. ಬಿರುಕಿನಿಂದ ನೀರು ಹೊರಗೆ ಹೋಗುತ್ತದೆ. ಧೂಳು, ಸೋಪು, ಬ್ಯಾಕ್ಟೀರಿಯಾ ಒಳಗೆ ಬರುತ್ತವೆ. ಒಳಗಿನ ರಕ್ಷಣಾ ಪಡೆ ಎದ್ದು ಕೂಗಾಡುತ್ತದೆ.

"ಎಷ್ಟು ಬೈದರೂ ಕೆರೆಯೋದು ಬಿಡಲ್ಲ" ಎಂದು ಬರೆದಿದ್ದೀರಿ. ದಯವಿಟ್ಟು ಬೈಯಬೇಡಿ. ಇಸುಬು ಇರುವ ಚರ್ಮದ ಮೇಲೆ ಸ್ಟಫೈಲೋಕಾಕಸ್ ಆರಿಯಸ್ ಎಂಬ ಬ್ಯಾಕ್ಟೀರಿಯಾ ಜಾಸ್ತಿ ಇರುತ್ತದೆ. 2023ರಲ್ಲಿ ಹಾರ್ವರ್ಡ್‌ನ ಸಂಶೋಧಕರು ಇಲಿಗಳ ಮೇಲೆ ಪ್ರಯೋಗ ಮಾಡಿ, ಈ ಬ್ಯಾಕ್ಟೀರಿಯಾ ಬಿಡುವ ಒಂದು ಕಿಣ್ವ ನೇರವಾಗಿ ನರವನ್ನೇ ಕೆಣಕಿ ತುರಿಕೆ ಎಬ್ಬಿಸುತ್ತದೆ ಎಂದು ಕಂಡರು. ಉರಿಯೂತ ಬರುವ ತನಕ ಅದು ಕಾಯುವುದೂ ಇಲ್ಲ. ಇದರಿಂದ ಮನುಷ್ಯರಿಗೆ ಔಷಧಿ ಬರಲು ಇನ್ನೂ ದಾರಿ ದೂರ. ಆದರೂ ಮಗುವಿನ ಕೆರೆತ ಹಟವಲ್ಲ, ದುರಭ್ಯಾಸವಲ್ಲ ಎಂದು ತಿಳಿಯಲು ಇಷ್ಟು ಸಾಕು ಅಲ್ವಾ?

ಈಗ ಆ ಕಪ್ಪು ಬಣ್ಣದ ಮಾತು. ನಿಮ್ಮ ಮನೆಯ ಹಿರಿಯರಿಗೆ ಇದನ್ನು ಓದಿ ಹೇಳಿ. ಸ್ಟೀರಾಯ್ಡ್ ಮುಲಾಮನ್ನು ಅತಿಯಾಗಿ ಹಚ್ಚಿದರೆ ಚರ್ಮ ತೆಳ್ಳಗಾಗುತ್ತದೆ, ಕೆಲವೊಮ್ಮೆ ಬಣ್ಣ ತಿಳಿಯಾಗುತ್ತದೆ. ನಿಮ್ಮ ಮಗಳ ಚರ್ಮ ದಪ್ಪಗಾಗಿ ಕಪ್ಪಾಗಿದೆ. ಅಂದರೆ ಪೂರ್ತಿ ಉಲ್ಟಾ. ಹಾಗೆ ಆಗುವುದು ತಿಂಗಳುಗಟ್ಟಲೆ ಕೆರೆದಾಗ, ಉರಿಯೂತ ಆರದೆ ಉಳಿದಾಗ. ಕಾಯಿಲೆ ಹಿಡಿತಕ್ಕೆ ಬಂದ ಮೇಲೂ ಕಪ್ಪು ಮಾಯಲು ತಿಂಗಳುಗಳು ಬೇಕಾಗುತ್ತವೆ. ಆ ಹೊತ್ತಿಗೆ ಕೈಯಲ್ಲಿ ಇರುವುದು ಮುಲಾಮಿನ ಟ್ಯೂಬು, ಹಾಗಾಗಿ ದೂರು ಅದರ ಮೇಲೆ ಬರುತ್ತದೆ. ಇನ್ನೊಂದು ತೊಂದರೆಯೂ ಇದೆ. ಇಸುಬು ಅಂದರೆ "ಕೆಂಪು" ಎಂದೇ ಬಹಳ ಪುಸ್ತಕಗಳು ಹೇಳುತ್ತಾ ಬಂದಿವೆ. ಕಂದು ಚರ್ಮದಲ್ಲಿ ಅದು ಬೂದು, ಕಡುಕಂದು, ನೇರಳೆ ಬಣ್ಣದಲ್ಲಿ ಕಾಣುತ್ತದೆ. ಕೆಂಪನ್ನೇ ಹುಡುಕುವವರ ಕಣ್ಣಿಗೆ ಜೋರಾದ ಕಾಯಿಲೆಯೂ ಸಣ್ಣದಾಗಿ ಕಂಡುಬಿಡುತ್ತದೆ.

ಸ್ಟೀರಾಯ್ಡ್ ಮುಲಾಮು ಹೊಸದೇನಲ್ಲ. 1952ರಿಂದ ಬಳಕೆಯಲ್ಲಿದೆ. ಹೊಸದೇನೆಂದರೆ ಅದನ್ನು ಹೇಗೆ ಹಚ್ಚಬೇಕು ಎಂಬ ಲೆಕ್ಕ. ವೈದ್ಯಕೀಯ ಪ್ರಯೋಗಗಳನ್ನು ಒಟ್ಟುಗೂಡಿಸಿ ತೂಗಿ ನೋಡುವ ಕಾಕ್ರೇನ್ ಸಂಸ್ಥೆ 2022ರಲ್ಲಿ ಇಂಥ 104 ಪ್ರಯೋಗಗಳನ್ನು ಒಟ್ಟಿಗೆ ಇಟ್ಟು ನೋಡಿತು. ತೀವ್ರತೆ ಹೆಚ್ಚಿರುವ ಮುಲಾಮನ್ನು ದಿನಕ್ಕೆ ಒಂದು ಸಲ ಹಚ್ಚಿದರೂ ಎರಡು ಸಲದಷ್ಟೇ ಗುಣ. ಕಾಯಿಲೆ ತಗ್ಗಿದ ಮೇಲೂ ವಾರಕ್ಕೆ ಎರಡು ದಿನ, ಮೊದಲು ಇದ್ದ ಜಾಗಕ್ಕೇ ಹಚ್ಚುತ್ತಿದ್ದರೆ ಮತ್ತೆ ಉಲ್ಬಣಿಸುವ ಸಾಧ್ಯತೆ ನೂರಕ್ಕೆ 58ರಿಂದ 25ಕ್ಕೆ ಇಳಿಯುತ್ತದೆ. ಚರ್ಮ ತೆಳ್ಳಗಾಗಿದ್ದು? ಅದನ್ನು ಗಮನಿಸಿದ 2,266 ಜನರಲ್ಲಿ 26 ಮಂದಿಗೆ. ಅದರಲ್ಲೂ ಹೆಚ್ಚಿನವರು ಜೋರಾದ ಮುಲಾಮು ಹಚ್ಚಿದವರು. ಆದರೆ ಈ ಪ್ರಯೋಗಗಳಲ್ಲಿ ಬಹಳಷ್ಟು ಕೆಲವೇ ವಾರಗಳವು ಎಂಬುದನ್ನೂ ಮರೆಯಬಾರದು.

ಹಾಗಂತ ಭಯಕ್ಕೆ ಕಾರಣವೇ ಇಲ್ಲ ಎನ್ನಲಾರೆ. ಜೋರಾದ ಸ್ಟೀರಾಯ್ಡ್ ಅನ್ನು ಮುಖಕ್ಕೆ ತಿಂಗಳುಗಟ್ಟಲೆ ಹಚ್ಚಿ ನಿಲ್ಲಿಸಿದಾಗ ಚರ್ಮ ಉರಿದು ಸುಲಿಯುವುದುಂಟು. ಇನ್ನೂ ದೊಡ್ಡ ಅಪಾಯ, ಡಾಕ್ಟರಿಗೆ ತೋರಿಸದೆ ಹುಳುಕಡ್ಡಿಗೆ ಸ್ಟೀರಾಯ್ಡ್ ಹಚ್ಚುವುದು. ಹುಳುಕಡ್ಡಿ ಬರುವುದು ಶಿಲೀಂಧ್ರದಿಂದ. ಸ್ಟೀರಾಯ್ಡ್ ಎರಡು ದಿನ ತುರಿಕೆ ಅಡಗಿಸುತ್ತದೆ, ಶಿಲೀಂಧ್ರ ಮಾತ್ರ ಸುಮ್ನೆ ಹಬ್ಬುತ್ತಾ ಹೋಗುತ್ತದೆ. 2020ರಲ್ಲಿ ಟ್ರೈಕೋಫೈಟಾನ್ ಇಂಡೋಟಿನೀ ಎಂಬ ಹೆಸರು ಪಡೆದ ಹುಳುಕಡ್ಡಿ ಶಿಲೀಂಧ್ರಕ್ಕೆ ಎಷ್ಟೋ ಸಲ ಶಿಲೀಂಧ್ರ ಕೊಲ್ಲುವ ಟರ್ಬಿನಾಫಿನ್ ಮಾತ್ರೆಯೂ ನಾಟುವುದಿಲ್ಲ. ಈಗ ಅದು ಹಲವು ದೇಶಗಳಿಗೆ ಹರಡಿದೆ. ಹಾಗಾಗಿ ಇದು ಇಸುಬೇ ಎಂದು ಡಾಕ್ಟರು ನೋಡಿ ಹೇಳಿರಬೇಕು. ನಿಮ್ಮ ಮಗಳ ವಿಷಯದಲ್ಲಿ ಚರ್ಮದ ಡಾಕ್ಟರು ಹೇಳಿಯಾಗಿದೆ.

ಸಂಶೋಧನೆಯಿಂದ ನನಗೇನು ಸಿಕ್ಕಿತು ಎಂದಿರಲ್ಲ, ನನ್ನ ಮಟ್ಟಿಗೆ ಅತಿ ದೊಡ್ಡ ಉಪಕಾರ ಮಾಡಿದ್ದು "ಇದರಿಂದ ಏನೂ ಆಗಲಿಲ್ಲ" ಎಂದು ಪ್ರಾಮಾಣಿಕವಾಗಿ ಬರೆದ ಪ್ರಯೋಗಗಳು. ಪತ್ರಿಕೆಗಳು ಅವನ್ನು ಮುಖಪುಟಕ್ಕೆ ಹಾಕುವುದಿಲ್ಲ. ನಾವೂ ಹಾಕಲಿಲ್ಲ, ಅದು ನಮ್ಮ ತಪ್ಪು. ಗಡಸು ನೀರಿರುವ ಊರುಗಳಲ್ಲಿ ಇಸುಬು ಜಾಸ್ತಿ ಎಂದು ಗೊತ್ತಿತ್ತು. ಹಾಗಾದರೆ ನೀರನ್ನು ಮೆದು ಮಾಡುವ ಯಂತ್ರ ಕೂರಿಸಿದರೆ? ಬ್ರಿಟನ್ನಿನಲ್ಲಿ 336 ಮಕ್ಕಳ ಮನೆಗಳಲ್ಲಿ ಪರೀಕ್ಷಿಸಿ 2011ರಲ್ಲಿ ಫಲಿತಾಂಶ ಪ್ರಕಟಿಸಿದರು. ಹೆಚ್ಚುವರಿ ಗುಣ ಕಾಣಲಿಲ್ಲ. ವಿಶೇಷ ರೇಷ್ಮೆ ಉಡುಪು? 300 ಮಕ್ಕಳು, 2017, ಅಲ್ಲೂ ಇಲ್ಲ. ಸ್ನಾನದ ನೀರಿಗೆ ಬೆರೆಸುವ ಎಣ್ಣೆ? 2018ರಲ್ಲಿ ಅದಕ್ಕೂ ಇಲ್ಲ ಎಂದಾಯಿತು. ಹುಟ್ಟಿದ ದಿನದಿಂದ ಮಾಯಿಶ್ಚರೈಸರ್ ಹಚ್ಚಿದರೆ ಇಸುಬು ಬರುವುದನ್ನೇ ತಡೆಯಬಹುದು ಎಂಬ ಆಸೆ ಎಲ್ಲರಿಗೂ ಇತ್ತು. 1,394 ಶಿಶುಗಳ ಪ್ರಯೋಗ 2020ರಲ್ಲಿ ಮುಗಿದಾಗ, ಎರಡು ವರ್ಷ ತುಂಬುವ ಹೊತ್ತಿಗೆ ಇಸುಬು ಇದ್ದದ್ದು ಹಚ್ಚಿದವರಲ್ಲಿ ನೂರಕ್ಕೆ 23, ಹಚ್ಚದವರಲ್ಲಿ 25. ವ್ಯತ್ಯಾಸವೇ ಇಲ್ಲದಷ್ಟು. ಕೂಸಿಗೆ ಸರಿಯಾಗಿ ಎಣ್ಣೆ ಹಚ್ಚಲಿಲ್ಲ ಎಂದು ಯಾರಾದರೂ ನಿಮ್ಮನ್ನು ದೂರಿದರೆ ಈ ಎರಡು ಅಂಕಿ ತೋರಿಸಿ.

ಬರದಂತೆ ತಡೆಯುವ ಮಾತು ಬೇರೆ. ಬಂದ ಮೇಲೆ ಮಾಯಿಶ್ಚರೈಸರ್ ಬೇಕೇ ಬೇಕು. ಯಾವುದು ಒಳ್ಳೆಯದು? ಲೋಷನ್, ಕ್ರೀಮ್, ಜೆಲ್, ಜಿಡ್ಡಿನ ಮುಲಾಮು ನಾಲ್ಕನ್ನೂ 550 ಮಕ್ಕಳಿಗೆ ಹಂಚಿ ನೋಡಿದ ಪ್ರಯೋಗ 2022ರಲ್ಲಿ ಬಂತು. ನಾಲ್ಕೂ ಒಂದೇ. ಮಗು ಮುಖ ಸಿಂಡರಿಸದೆ ದಿನಾ ಹಚ್ಚಿಸಿಕೊಳ್ಳುವುದು ಯಾವುದೋ, ಅದೇ ನಿಮ್ಮದು. ಪಥ್ಯದ ಬಗ್ಗೆಯೂ ಒಂದು ಮಾತು. ಅಲರ್ಜಿ ಖಚಿತವಾಗದೆ ಬೆಳೆಯುವ ಮಗುವಿನ ಊಟದಿಂದ ಒಂದೊಂದೇ ಪದಾರ್ಥ ಕಡಿಯಬೇಡಿ.

ಇಂಜೆಕ್ಷನ್ ಬಗ್ಗೆ ಹೆಚ್ಚು ಬೆಳೆಸುವುದಿಲ್ಲ. ಡುಪಿಲುಮ್ಯಾಬ್ ಎಂಬ ಇಂಜೆಕ್ಷನ್ ಅಮೆರಿಕದಲ್ಲಿ 2017ರಲ್ಲಿ ದೊಡ್ಡವರಿಗೆ, 2022ರ ಹೊತ್ತಿಗೆ ಆರು ತಿಂಗಳ ಕೂಸಿನವರೆಗೂ ಒಪ್ಪಿಗೆ ಪಡೆಯಿತು. ಮುಲಾಮಿಗೆ ಬಗ್ಗದ ಜೋರಾದ ಇಸುಬಿಗೆ ಅದು ನಿಜಕ್ಕೂ ವರ. ಕೆಲವರಿಗೆ ಕಣ್ಣು ಕೆಂಪಾಗುತ್ತದೆ. ಒಳಗಿನ ರಕ್ಷಣಾ ಪಡೆಯ ಸಂದೇಶಗಳನ್ನು ತಡೆಯುವ 'ಜಾಕ್ ತಡೆ' ಮಾತ್ರೆಗಳು ತುರಿಕೆಯನ್ನು ಬೇಗ ಇಳಿಸುತ್ತವೆ, ಆದರೆ ಹೃದಯ ಮತ್ತು ರಕ್ತ ಹೆಪ್ಪುಗಟ್ಟುವಿಕೆಯ ಬಗ್ಗೆ ಕಟ್ಟುನಿಟ್ಟಿನ ಎಚ್ಚರಿಕೆ ಇದೆ. ಮುಲಾಮನ್ನು ಸರಿಯಾಗಿ ಹಚ್ಚಿಯೇ ನೋಡದ ಮಗುವಿಗೆ ಇವುಗಳ ಯೋಚನೆ ಈಗಲೇ ಬೇಡ. ಸೋರಿಯಾಸಿಸ್ ಮತ್ತು ತೊನ್ನಿನ ಬಗ್ಗೆ ಬರೆದ ಇನ್ನಿಬ್ಬರಿಗೂ ಎರಡು ಮಾತು. ಸೋರಿಯಾಸಿಸ್ ಇದ್ದು ಕೀಲು ನೋವು ಶುರುವಾದರೆ ತಡಮಾಡದೆ ಡಾಕ್ಟರಿಗೆ ಹೇಳಿ, ಸಿಗರೇಟು ಬಿಡಿ. ತೊನ್ನಿಗೆ ಬಣ್ಣ ಮರಳಿಸುವ ರುಕ್ಸೊಲಿಟಿನಿಬ್ ಕ್ರೀಮ್‌ಗೆ 2022ರಲ್ಲಿ 12 ವರ್ಷ ಮೇಲ್ಪಟ್ಟವರಿಗೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದೆ. ಪೂರ್ಣ ಲೇಖನ ಮುಂದೆ ಬರಲಿದೆ.

ಮತ್ತೆ ನಿಮ್ಮ ಮನೆಗೆ ಬರೋಣ. ನಾನು ಡಾಕ್ಟರ್ ಅಲ್ಲ. ಮುಲಾಮು ನಿಲ್ಲಿಸಿದ್ದನ್ನು ಮುಚ್ಚಿಡದೆ ಅದೇ ಡಾಕ್ಟರಿಗೆ ಹೇಳಿ, ಎಷ್ಟು ದಿನ, ಎಲ್ಲೆಲ್ಲಿ, ಆಮೇಲೆ ವಾರಕ್ಕೆ ಎರಡು ದಿನದ ಕ್ರಮ ಬೇಕಾ ಎಂದು ಕೇಳಿ ಬರೆಸಿಕೊಳ್ಳಿ. ಅಳತೆಗೆ ಒಂದು ಸುಲಭ ಲೆಕ್ಕ ಇದೆ. ದೊಡ್ಡವರ ತೋರುಬೆರಳಿನ ತುದಿಯಿಂದ ಮೊದಲ ಗೆರೆಯವರೆಗೆ ಟ್ಯೂಬಿನಿಂದ ಹಿಂಡಿದರೆ ಸುಮಾರು ಅರ್ಧ ಗ್ರಾಂ. ಬೆರಳು ಸೇರಿಸಿ ದೊಡ್ಡವರ ಎರಡು ಅಂಗೈಯಷ್ಟು ಜಾಗಕ್ಕೆ ಅಷ್ಟು ಸಾಕು. ಹೆದರಿಕೊಂಡು ಕಾಳಿನಷ್ಟು ಸವರುವವರೇ ಜಾಸ್ತಿ, ಆಮೇಲೆ "ಕೆಲಸ ಮಾಡಲಿಲ್ಲ" ಎನ್ನುತ್ತಾರೆ. ನೀರು ಒಸರಿದರೆ, ಹಳದಿ ಹಕ್ಕಳೆ ಕಟ್ಟಿದರೆ, ಜ್ವರ ಬಂದರೆ ಅವತ್ತೇ ಹೋಗಿ.

ಪತ್ರದ ಕೊನೆಯಲ್ಲಿ ಮಗಳೇ ಪೆನ್ಸಿಲ್‌ನಲ್ಲಿ ಒಂದು ಸಾಲು ಬರೆದಿದ್ದಾಳೆ: "ನನ್ನ ಕೈ ಹಿಡಿದರೆ ಫ್ರೆಂಡ್ಸ್‌ಗೂ ಬರುತ್ತಾ?" ಬರಲ್ಲ ಪುಟ್ಟೀ. ಇಸುಬು ಒಬ್ಬರಿಂದ ಒಬ್ಬರಿಗೆ ಅಂಟುವುದಿಲ್ಲ. ಆಟದಲ್ಲಿ ಕೈ ಹಿಡಿಯಲು ಯಾರಾದರೂ ಹಿಂದೆ ಸರಿದರೆ, ಈ ಪುಟವನ್ನು ಕತ್ತರಿಸಿಕೊಂಡು ಹೋಗಿ ನಿಮ್ಮ ಟೀಚರ್‌ಗೆ ಕೊಡು. ಕ್ಲಾಸಿನಲ್ಲಿ ಓದಿ ಹೇಳಲಿ.