12ರಿಂದ ಭಾಗಿಸಿದ್ದೇ ನಾನು ಮಾಡಿದ ತಪ್ಪು

ಪುಣೆಯ ಭೋಸರಿಯಲ್ಲಿ ಟೂಲ್ ರೂಮ್ (ಡೈ, ಅಚ್ಚು ಮಾಡುವ ಜಾಗ) ಕೆಲಸ ಇಷ್ಟ, ಆದರೆ ಅಲ್ಲೇ ಹಿಂಜವಡಿಯ ಕಂಪನಿಯಿಂದ ವರ್ಷಕ್ಕೆ 7.5 ಲಕ್ಷದ ಆಫರ್ ಬಂದಿದೆ, ತೃಪ್ತಿ ನೋಡಲಾ ಸಂಬಳ ನೋಡಲಾ ಅಂತ ಕೇಳಿದ್ದೀರಿ. ಓದಿ ನಗು ಬಂತು. ಭೋಸರಿ, ಹಿಂಜವಡಿ, ಎಲ್ಲಾ ನನ್ನ ಕತೆಯೇ. ಲಕ್ಷದ ಅಂಕಿ ಮಾತ್ರ ಬೇರೆ.

ಡಿಪ್ಲೊಮಾ ಮುಗಿಸಿ 2010ರಲ್ಲಿ ಗದಗದಿಂದ ಪುಣೆಗೆ ಬಂದೆ. ಭೋಸರಿ ಕೈಗಾರಿಕಾ ಪ್ರದೇಶದಲ್ಲಿ ಪ್ರೆಸ್ ಡೈ, ಅಂದರೆ ತಗಡು ಕತ್ತರಿಸುವ ಅಚ್ಚು, ಮಾಡುವ ಸಣ್ಣ ಶೆಡ್. ಡ್ರಾಯಿಂಗ್ ನನ್ನದು, ಡೈ ಕೂಡಿಸುವುದು ಒಬ್ಬ ವಯಸ್ಸಾದ ಫಿಟ್ಟರ್. ಎಲ್ಲರಿಗೂ ಅವರು ಕಾಕಾ. ಟ್ರಯಲ್ ದಿನ ಮೊದಲ ಪೀಸ್ ಬಿದ್ದ ಕೂಡಲೇ ಅದರ ಅಂಚಿನ ಮೇಲೆ ಹೆಬ್ಬೆರಳು ಎಳೆಯುತ್ತಿದ್ದರು. ಬರ್ (ಕತ್ತರಿಸಿದ ಅಂಚಿನಲ್ಲಿ ಉಳಿಯುವ ಚೂಪು) ಜಾಸ್ತಿ ಇದ್ದರೆ ಏನೂ ಹೇಳದೆ ನನ್ನ ಕಡೆ ನೋಡುತ್ತಿದ್ದರು. ಕತ್ತರಿಸುವ ಪಂಚ್‌ಗೂ ಅದು ಇಳಿಯುವ ಡೈಗೂ ನಡುವಿನ ಸಂದು (ಕ್ಲಿಯರೆನ್ಸ್) ತಪ್ಪಿದೆ ಅಂತ ಅರ್ಥ. ಆ ನೋಟಕ್ಕೆ ಹೆದರಿಯೇ ನಾನು ಕೆಲಸ ಕಲಿತೆ. ಕೈಗೆ 24,000 ಬರುತ್ತಿತ್ತು, ಅದೂ ಕೆಲವು ತಿಂಗಳು 20ನೇ ತಾರೀಖಿಗೆ.

2013ರಲ್ಲಿ ಹಿಂಜವಡಿಯಿಂದ ವರ್ಷಕ್ಕೆ 6 ಲಕ್ಷದ ಆಫರ್ ಬಂತು. ಅಪ್ಪ ಫೋನಿನಲ್ಲಿ "ತಿಂಗಳಾ ಎಷ್ಟ ಬರ್ತದೋ?" ಅಂದರು. "ಐವತ್ತು ಸಾವಿರ" ಅಂದೆ. ಸಂಜೆಯೊಳಗೆ ಓಣಿಗೆಲ್ಲ ಗೊತ್ತಾಯಿತು.

ನಾನು ಕೆಟ್ಟಿದ್ದು ಇಲ್ಲೇ. ಆರು ಲಕ್ಷವನ್ನು 12ರಿಂದ ಭಾಗಿಸಿಬಿಟ್ಟೆ. ಆ ಆರು ಲಕ್ಷದ ಒಳಗೆ 60,000 ಜಾಯ್ನಿಂಗ್ ಬೋನಸ್ ಇತ್ತು. ಇನ್ನೊಂದು 60,000 ವೇರಿಯಬಲ್, ಅಂದರೆ ಕೆಲಸ ನೋಡಿ ಕೊಡುವ ಭಾಗ. ಅದು ವರ್ಷದ ಕೊನೆಗೆ, ಅದರಲ್ಲೂ ನನಗೆ ಸಿಕ್ಕಿದ್ದು ಅರ್ಧ. ಉಳಿದದ್ದು ತಿಂಗಳಿಗೆ 40,000. ಅದರಲ್ಲಿ ಬೇಸಿಕ್ (ಮೂಲ ವೇತನ) 18,000 ಅಂತ ಇಟ್ಟಿದ್ದರು. ಅದರ 12% ಅಂದರೆ 2,160, ಕಂಪನಿ ಕಟ್ಟುವ ಪಿಎಫ್. ನಾನಂದುಕೊಂಡಿದ್ದು ಅದನ್ನು ಅವರು ಮೇಲಿಂದ ಕೊಡುತ್ತಾರೆ ಅಂತ. ಇಲ್ಲ, ಅದೂ ನನ್ನ ಸಿಟಿಸಿ, ಅಂದರೆ ಕಂಪನಿ ನನ್ನ ಮೇಲೆ ಮಾಡುವ ಒಟ್ಟು ಖರ್ಚಾದ ಆ ಆರು ಲಕ್ಷದ ಒಳಗೇ. ಐದು ವರ್ಷ ಇದ್ದರೆ ಮಾತ್ರ ಕೆಲಸ ಬಿಡುವಾಗ ನನಗೆ ಸಿಗುತ್ತಿದ್ದ ಗ್ರ್ಯಾಚುಯಿಟಿಯನ್ನೂ ಬೇಸಿಕ್‌ನ 4.81% ಅಂತ ಲೆಕ್ಕ ಹಾಕಿ ಸೇರಿಸಿದ್ದರು, ತಿಂಗಳಿಗೆ 866 ರೂಪಾಯಿ. ಇನ್ಶೂರೆನ್ಸ್ ಕಂತು ಬೇರೆ. ಆಮೇಲೆ ನನ್ನ ಪಾಲಿನ ಪಿಎಫ್ 2,160, ಪ್ರೊಫೆಶನಲ್ ಟ್ಯಾಕ್ಸ್ 200, ಇನ್‌ಕಮ್ ಟ್ಯಾಕ್ಸ್. ಬ್ಯಾಂಕಿಗೆ ಬಿದ್ದಿದ್ದು 32,600.

ಭೋಸರಿಯಲ್ಲಿ ರೂಮ್ ಬಾಡಿಗೆ 3,500 ಇತ್ತು, ಕೆಲಸಕ್ಕೆ ನಡೆದೇ ಹೋಗುತ್ತಿದ್ದೆ. ಹಿಂಜವಡಿ ಹತ್ತಿರದ ವಾಕಡ್‌ನಲ್ಲಿ ಬಾಡಿಗೆಯ ನನ್ನ ಪಾಲು 9,000. ಪೆಟ್ರೋಲ್ 1,500. ಕಳೆದು ನೋಡಿ. ಮೊದಲಿಗಿಂತ ಹೆಚ್ಚು ಉಳಿದಿದ್ದು ತಿಂಗಳಿಗೆ 1,600 ರೂಪಾಯಿ! ಅಷ್ಟಕ್ಕೆ ಕಾಕಾನನ್ನು ಬಿಟ್ಟು ಬಂದು, ಯಾರದೋ ಹಳೇ ಡ್ರಾಯಿಂಗ್‌ಗಳ ಟೈಟಲ್ ಬ್ಲಾಕ್‌ನಲ್ಲಿ ಪಾರ್ಟ್ ನಂಬರ್ ಬದಲಾಯಿಸುತ್ತ ಕೂತಿದ್ದೆ. ಮೂರನೇ ತಿಂಗಳಿಗೇ ಬಿಡೋಣ ಅನ್ನಿಸಿತು. ಆದರೆ ವರ್ಷದೊಳಗೆ ಬಿಟ್ಟರೆ ಜಾಯ್ನಿಂಗ್ ಬೋನಸ್ ಪೂರ್ತಿ ವಾಪಸ್ ಕೊಡಬೇಕು. ಅದು ಅಕ್ಕನ ಮದುವೆಗೆ ಖರ್ಚಾಗಿತ್ತು. ಒಂದು ವರ್ಷ ನಾಲ್ಕು ದಿನ ಇದ್ದು ಬಿಟ್ಟೆ. ಈಗ ಚಾಕಣ್‌ನ ಪ್ರೆಸ್ ಶಾಪ್‌ನಲ್ಲಿದ್ದೇನೆ, ಮತ್ತೆ ಡೈಗಳ ನಡುವೆ.

ಹಾಗಾಗಿ ತೃಪ್ತಿಯಾ ಸಂಬಳವಾ ಅನ್ನೋ ನಿಮ್ಮ ಪ್ರಶ್ನೆಯೇ ನನಗೆ ಒಪ್ಪಿಗೆ ಇಲ್ಲ. ಸಂಬಳ ಎಷ್ಟು ಅಂತಲೇ ನಿಮಗಿನ್ನೂ ಗೊತ್ತಿಲ್ಲ, ಯಾವುದರ ಜೊತೆ ಏನು ತೂಗುತ್ತೀರಿ? ಹಾಗಂತ ಇಷ್ಟದ ಕೆಲಸ ಅಂತ ಕಡಿಮೆಗೆ ದುಡಿಯಿರಿ ಅಂತಲೂ ನಾನು ಹೇಳಲ್ಲ. ದುಡ್ಡು ಮುಖ್ಯ ಅಲ್ಲ ಅನ್ನೋರ ಬಾಡಿಗೆಯನ್ನು ಬಹಳ ಸಲ ಅವರ ಅಪ್ಪ ಕಟ್ಟುತ್ತಿರುತ್ತಾರೆ. ನಾನು ರಾಜೀನಾಮೆ ಕೊಟ್ಟ ದಿನ ಶೆಡ್ಡಿನ ಮಾಲೀಕರು "ಐದು ಸಾವಿರ ಜಾಸ್ತಿ ಕೊಡುತ್ತಿದ್ದೆನಲ್ಲ, ಒಂದು ಮಾತು ಕೇಳಬಾರದಿತ್ತಾ?" ಅಂದರು. ಮೂರು ವರ್ಷದಲ್ಲಿ ನಾನು ಒಮ್ಮೆಯೂ ಕೇಳಿರಲಿಲ್ಲ. ನೀವು ಕೇಳಿದ್ದೀರಾ?

ಆಫರ್ ಲೆಟರ್‌ನ ಕೊನೆಗೆ ಸಾಮಾನ್ಯವಾಗಿ ಅನೆಕ್ಷರ್, ಅಂದರೆ ಸಂಬಳದ ವಿವರದ ಪಟ್ಟಿ, ಇರುತ್ತದೆ. ವೇರಿಯಬಲ್ ಎಷ್ಟು, ಬೋನಸ್ 7.5ರ ಒಳಗಿದೆಯಾ ಹೊರಗಿದೆಯಾ, ಇಷ್ಟು ನೋಡಿ ಇಲ್ಲೇ ಕೆಳಗೆ ಬರೆಯಿರಿ. ಭಾನುವಾರ ನನಗೆ ರಜೆ, ಕೂತು ಲೆಕ್ಕ ಹಾಕಿ ಕೊಡುತ್ತೇನೆ.