ಹೊಯ್ಸಳರ ಬಗ್ಗೆ ಆನ್‌ಲೈನ್‌ನಲ್ಲಿ ಸಿಕ್ಕ ಈ ದುಬಾರಿ ಪುಸ್ತಕ ತರಿಸಬಹುದಾ?

ನೀವು ಕೇಳಿರುವುದು ಇಷ್ಟು: ಮಗಳ ಎಂ.ಎ. ಪ್ರಾಜೆಕ್ಟ್‌ಗೆ ಹೊಯ್ಸಳರ ಮೇಲೆ ಇಂಗ್ಲಿಷಿನಲ್ಲಿ ಒಂದು ಪುಸ್ತಕ ಬೇಕು. ಆನ್‌ಲೈನ್ ಅಂಗಡಿಯಲ್ಲಿ ಒಂದು ಕಂಡಿದೆ. ನೂರು ಚಿಲ್ಲರೆ ಪುಟ, ಮೂರು ಸಾವಿರದ ಹತ್ತಿರ ಬೆಲೆ, ರಕ್ಷಾಪುಟದ ಮೇಲೆ ಮೂವರು ವಿದೇಶಿ ಸಂಪಾದಕರ ಹೆಸರು. ಒಂದೂ ರಿವ್ಯೂ ಇಲ್ಲ. ತರಿಸಲೋ ಬೇಡವೋ?

ಬೇಡ. ಕಾರ್ಟ್‌ನಿಂದ ತೆಗೆದುಬಿಡಿ. ವಿಕಿಪೀಡಿಯಾದ ಉಚಿತ ಲೇಖನಗಳನ್ನು ಕಟ್ಟಿ ಮಾರುವ ಪುಸ್ತಕದ ಲಕ್ಷಣವೆಲ್ಲ ಅದಕ್ಕಿದೆ. ಯಾಕೆ ಅನ್ನುವುದು ಸ್ವಲ್ಪ ಉದ್ದದ ಕಥೆ, ಪುರುಸೊತ್ತಾದಾಗ ಓದಿ.

ನಾನು ಒಂದು ಡಿಗ್ರಿ ಕಾಲೇಜಿನ ಲೈಬ್ರರಿಯಲ್ಲಿದ್ದೇನೆ. ಮಾರ್ಚ್ ಬಂತೆಂದರೆ ಗ್ರಾಂಟ್ ಮುಗಿಸುವ ಗಡಿಬಿಡಿ ನಮ್ಮಲ್ಲಿ ಎಲ್ಲರಿಗೂ. ಸಪ್ಲೈಯರ್‌ಗಳಿಗೂ ಅದು ಗೊತ್ತು, ಗಂಟುಗಟ್ಟಲೆ ಪುಸ್ತಕ ತಂದು ‘ನೋಡಿ ಸಾರ್, ಬೇಕಾದ್ದು ಇಟ್ಕೊಳ್ಳಿ’ ಅಂತ ಮೇಜಿನ ಮೇಲೆ ಸುರಿದು ಹೋಗುತ್ತಾರೆ. ಅಂಥದೊಂದು ಗಂಟಿನಲ್ಲಿ ಟಿಪ್ಪು ಸುಲ್ತಾನನ ಹೆಸರಿನ ತೆಳ್ಳನೆಯ ಪುಸ್ತಕವೊಂದಿತ್ತು. ಮುನ್ನುಡಿಯಿಲ್ಲ, ಅರ್ಪಣೆಯಿಲ್ಲ, ಸಂಪಾದಕರು ಯಾರು, ಎಲ್ಲಿ ಪಾಠ ಹೇಳುತ್ತಾರೆ ಎಂಬ ಒಂದು ಸಾಲೂ ಇಲ್ಲ. ಮೊದಲ ಪುಟದಲ್ಲೇ ಟಿಪ್ಪು ಹುಟ್ಟಿ, ನಾಲ್ಕನೆಯ ಮೈಸೂರು ಯುದ್ಧದಲ್ಲಿ ಸತ್ತು, ಎರಡನೆಯ ಅಧ್ಯಾಯದಲ್ಲಿ ಶ್ರೀರಂಗಪಟ್ಟಣ ಬಂತು. ಮೂರನೆಯದು ಮೈಸೂರಿನ ರಾಕೆಟ್. ಸರಿ. ನಾಲ್ಕನೆಯದು ಅದನ್ನು ನೋಡಿ ಇಂಗ್ಲೆಂಡಿನಲ್ಲಿ ಕಾಂಗ್ರೀವ್ ಮಾಡಿದ ರಾಕೆಟ್. ಅದೂ ಸರಿಯೇ ಅನ್ನೋಣ. ಐದನೆಯ ಅಧ್ಯಾಯದಲ್ಲಿ ಅಮೆರಿಕದ ರಾಷ್ಟ್ರಗೀತೆ! 1814ರಲ್ಲಿ ಬಾಲ್ಟಿಮೋರ್ ಕೋಟೆಯ ಮೇಲೆ ಬ್ರಿಟಿಷರು ಹಾರಿಸಿದ ಕಾಂಗ್ರೀವ್ ರಾಕೆಟ್‌ಗಳ ಪ್ರಸ್ತಾಪ ಆ ಗೀತೆಯಲ್ಲಿದೆಯಂತೆ, ಹಾಗಾಗಿ ಟಿಪ್ಪು ಪುಸ್ತಕದಲ್ಲಿ ಅದಕ್ಕೂ ಜಾಗ.

ವಿಕಿಪೀಡಿಯಾ ಓದುವ ಅಭ್ಯಾಸ ಇರುವವರಿಗೆ ಇದು ಕೂಡಲೇ ಹೊಳೆಯುತ್ತದೆ. ಒಂದು ಪುಟದ ನೀಲಿ ಕೊಂಡಿ ಒತ್ತಿ ಇನ್ನೊಂದಕ್ಕೆ, ಅಲ್ಲಿಂದ ಮತ್ತೊಂದಕ್ಕೆ ಹೋಗುತ್ತೇವಲ್ಲ, ಆ ದಾರಿಯನ್ನೇ ಅಧ್ಯಾಯ ಮಾಡಿದ್ದರು. ಪಠ್ಯದ ನಡುವೆ ಚೌಕ ಕಂಸದ ಅಂಕಿಗಳು ಹಾಗೇ ಉಳಿದಿದ್ದವು. ಒಂದು ಕಡೆ ‘ಆಧಾರ ಬೇಕು’ ಎಂಬ ವಿಕಿಪೀಡಿಯಾದ ಎಚ್ಚರಿಕೆಯೂ ಅಚ್ಚಾಗಿತ್ತು. ಕೊನೆಯ ಪುಟಗಳಲ್ಲಿ, ಇರುವೆ ಸಾಲಿನಷ್ಟು ಸಣ್ಣ ಅಕ್ಷರದಲ್ಲಿ, ಆ ಲೇಖನಗಳನ್ನು ತಿದ್ದಿದವರ ಬಳಕೆದಾರ ಹೆಸರುಗಳು. ಹೆಸರಿಲ್ಲದವರ ಐಪಿ ಸಂಖ್ಯೆಗಳು, ಅಂದರೆ ಅವರ ಇಂಟರ್ನೆಟ್ ಸಂಪರ್ಕದ ವಿಳಾಸಗಳು. ಆ ಪುಸ್ತಕ ನಿಜಕ್ಕೂ ಬರೆದವರು ಅವರೇ. ರಕ್ಷಾಪುಟದ ಸಂಪಾದಕರಲ್ಲ. ಸಪ್ಲೈಯರ್ ಬಂದಾಗ ಗಂಟಿನ ಜೊತೆ ಕಟ್ಟಿ ವಾಪಸ್ ಕೊಟ್ಟೆ, ಲೈಬ್ರರಿಗೆ ಸೇರಿದ ಪುಸ್ತಕ ಬರೆದಿಡುವ ಅಕ್ಸೆಷನ್ ರಿಜಿಸ್ಟರ್‌ಗೆ ಹತ್ತಿಸಲಿಲ್ಲ.

‘ಇದು ಕಳ್ಳತನ ಅಲ್ಲವಾ’ ಅಂತ ನಮ್ಮ ಇತಿಹಾಸದ ಮೇಡಂ ಕೇಳಿದರು. ಅಲ್ಲ. ವಿಕಿಪೀಡಿಯಾದ ಬರಹ 2009ರ ಜೂನ್‌ವರೆಗೆ ಗ್ನೂ ಎಂಬ ಮುಕ್ತ ಪರವಾನಗಿಯಲ್ಲಿತ್ತು, ಆಮೇಲೆ ಕ್ರಿಯೇಟಿವ್ ಕಾಮನ್ಸ್ ಎಂಬ ಇನ್ನೊಂದಕ್ಕೆ ಬಂತು. ಎರಡರಲ್ಲೂ ಯಾರು ಬೇಕಾದರೂ ನಕಲು ಮಾಡಿ ಮಾರಬಹುದು. ಬರೆದವರನ್ನು ಹೆಸರಿಸಬೇಕು, ಅದೇ ಷರತ್ತಿನಲ್ಲಿ ಮುಂದಕ್ಕೂ ಬಿಡಬೇಕು, ಅಷ್ಟೇ. ಅದಕ್ಕೇ ಆ ಇರುವೆ ಸಾಲು. ಅದೇ ಲೆಕ್ಕದಲ್ಲಿ ಮೂರು ಸಾವಿರ ಕೊಟ್ಟು ಕೊಂಡ ಪುಸ್ತಕವನ್ನು ನೀವು ಇಡೀ ಜೆರಾಕ್ಸ್ ಮಾಡಿ ಊರಿಗೆಲ್ಲ ಹಂಚಿದರೂ ಯಾರೂ ಕೇಳುವ ಹಾಗಿಲ್ಲ.

ಈ ದಂಧೆಯಲ್ಲಿ ಹೆಚ್ಚು ಹೆಸರಾದದ್ದು ಜರ್ಮನಿಯ ಸಾರ್‌ಬ್ರುಕೆನ್ ಊರಿನ ವಿಡಿಎಂ ಎಂಬ ಪ್ರಕಾಶನ. ಆಲ್ಫಾಸ್ಕ್ರಿಪ್ಟ್, ಬೀಟಾಸ್ಕ್ರಿಪ್ಟ್ ಎಂಬ ಮುದ್ರೆಗಳಲ್ಲಿ (ಒಂದೇ ಪ್ರಕಾಶನ ಬಳಸುವ ಬೇರೆ ಬೇರೆ ಹೆಸರು) ಅದು 2009ರ ಆಸುಪಾಸಿನಿಂದ ಹತ್ತಾರು ಸಾವಿರ ಶೀರ್ಷಿಕೆ ತಂದಿತು. ಸಾವಿರಾರು ಶೀರ್ಷಿಕೆಗಳ ಮೇಲೆ ಸಂಪಾದಕರೆಂದು ಅದೇ ಕೆಲವರ ಹೆಸರು. ಟಿಪ್ಪುವಿಗೂ ಅವರೇ, ಕ್ವಾಂಟಮ್ ಭೌತಶಾಸ್ತ್ರಕ್ಕೂ ಅವರೇ, ಫುಟ್‌ಬಾಲ್‌ಗೂ ಅವರೇ ಎನ್ನುವಂಥ ಪಾಂಡಿತ್ಯ. ಮುಚ್ಚುಮರೆಯೂ ಇರಲಿಲ್ಲ, ವಿಕಿಪೀಡಿಯಾ ಲೇಖನಗಳ ‘ಉತ್ತಮ ಗುಣಮಟ್ಟದ’ ಸರಕು ಎಂದು ರಕ್ಷಾಪುಟದ ಮೇಲೇ ಅಚ್ಚು ಹಾಕುತ್ತಿದ್ದರು. ಅಂಗಡಿಯ ಪುಟದಲ್ಲಿ ಬೆರಳುಗುರಿನಷ್ಟು ಕಾಣುವ ಚಿತ್ರದಲ್ಲಿ ಅದನ್ನು ಯಾರು ಓದುತ್ತಾರೆ ಹೇಳಿ. ಇದೇ ಮಾಲಿಕೆಯಲ್ಲಿ ಬಂದ ಜಾರ್ಜಿಯಾ ದೇಶದ ಇತಿಹಾಸದ ಪುಸ್ತಕಕ್ಕೆ ಅಮೆರಿಕದ ಜಾರ್ಜಿಯಾ ರಾಜ್ಯದ ಅಟ್ಲಾಂಟಾ ನಗರದ ಫೋಟೋ ಹಾಕಿದ್ದರು. ಒಬ್ಬನೇ ಒಬ್ಬ ಮನುಷ್ಯ ಅದನ್ನು ಕೈಯಲ್ಲಿ ಹಿಡಿದು ನೋಡಿದ್ದರೂ ಅದು ದಾಟಿಹೋಗುತ್ತಿರಲಿಲ್ಲ.

ನನ್ನ ಮುಖ್ಯ ತಕರಾರು ಇಲ್ಲೇ ಇರುವುದು. ಪುಸ್ತಕ ಕೆಟ್ಟದ್ದಿರಬಹುದು, ಕೆಟ್ಟ ಪುಸ್ತಕ ನಮ್ಮ ಕಪಾಟಿನಲ್ಲಿ ಬೇಕಾದಷ್ಟಿವೆ. ಆದರೆ ಎಂಥ ಕೆಟ್ಟ ಪುಸ್ತಕವನ್ನೂ ಬರೆದವನು ಒಮ್ಮೆ ಓದಿರುತ್ತಾನೆ, ಡಿಟಿಪಿ ಮಾಡಿದ ಹುಡುಗಿ ಓದಿರುತ್ತಾಳೆ, ಪ್ರೂಫ್ ನೋಡಿದವರು ಆಕಳಿಸುತ್ತಲಾದರೂ ಓದಿರುತ್ತಾರೆ. ಇದನ್ನು ಪುಸ್ತಕದ ರೂಪದಲ್ಲಿ ಓದಿದವರು ಯಾರೂ ಇಲ್ಲ. ಎಷ್ಟೋ ಸಲ ಆ ಪುಸ್ತಕವೇ ಇರುವುದಿಲ್ಲ. ಇದೆಲ್ಲ ಪ್ರಿಂಟ್ ಆನ್ ಡಿಮ್ಯಾಂಡ್, ಫೈಲ್ ಮಾತ್ರ ಸರ್ವರ್‌ನಲ್ಲಿ ಕೂತಿರುತ್ತದೆ. ನೀವು ದುಡ್ಡು ಕಟ್ಟಿದ ಮೇಲೆ ಯಂತ್ರ ಒಂದು ಪ್ರತಿ ಅಚ್ಚು ಹಾಕಿ ಪಾರ್ಸೆಲ್ ಮಾಡುತ್ತದೆ. ಗೋಡೌನ್ ಬಾಡಿಗೆಯಿಲ್ಲ, ಉಳಿದ ಪ್ರತಿಯನ್ನು ರದ್ದಿಗೆ ಹಾಕುವ ನಷ್ಟವಿಲ್ಲ. ಲಕ್ಷ ಶೀರ್ಷಿಕೆಯಲ್ಲಿ ವರ್ಷಕ್ಕೆ ಅಲ್ಲೊಂದು ಇಲ್ಲೊಂದು ಮಾರಿದರೂ ಲಾಭ. ‘ಔಟ್ ಆಫ್ ಸ್ಟಾಕ್’ ಆಗುವ ಮಾತೇ ಇಲ್ಲ. ನಿಮ್ಮ ಮಗಳು ಪಾರ್ಸೆಲ್ ಬಿಚ್ಚಿದರೆ ಆ ಪುಸ್ತಕವನ್ನು ಮೊದಲು ಓದುವವಳು ಅವಳೇ ಆಗುತ್ತಾಳೆ.

ಐಎಸ್‌ಬಿಎನ್ ಇದೆಯಲ್ಲ ಅನ್ನಬೇಡಿ. ಅದು ಪುಸ್ತಕವನ್ನು ಗುರುತಿಸುವ ಬರೀ ನಂಬರು. ನಮ್ಮ ದೇಶದಲ್ಲಿ ರಾಜಾ ರಾಮಮೋಹನ ರಾಯ್ ಏಜೆನ್ಸಿ ಅದನ್ನು ಪುಕ್ಕಟೆ ಕೊಡುತ್ತದೆ, ಒಳಗೇನಿದೆ ಎಂದು ಪರೀಕ್ಷೆ ಮಾಡಿ ಕೊಡುವುದಲ್ಲ.

ಇದಕ್ಕೆ ಇನ್ನೊಂದು ಕವಲಿದೆ, ಹೊಯ್ಸಳರ ಬಗ್ಗೆ ಹುಡುಕುವ ನಿಮಗೆ ಅದೇ ಹೆಚ್ಚು ಎದುರಾಗಬಹುದು. ಹಕ್ಕುಸ್ವಾಮ್ಯ ಮುಗಿದ ಹಳೆಯ ಪುಸ್ತಕಗಳ ಸ್ಕ್ಯಾನ್ ಇಂಟರ್ನೆಟ್ ಆರ್ಕೈವ್‌ನಲ್ಲಿ ಉಚಿತ. ಅದನ್ನು ಇಳಿಸಿಕೊಂಡು, ಹೊಸ ರಟ್ಟು ಹಾಕಿ ಮಾರುವವರು ದೇಶ ವಿದೇಶದಲ್ಲೆಲ್ಲ ಇದ್ದಾರೆ. ಪುಟದ ಚಿತ್ರವನ್ನು ಇದ್ದ ಹಾಗೇ ಅಚ್ಚು ಹಾಕಿದರೆ ನನ್ನದೇನೂ ಆಕ್ಷೇಪವಿಲ್ಲ, ಪರದೆ ಮೇಲೆ ಓದಲಾಗದವರಿಗೆ ಅದೊಂದು ಉಪಕಾರವೇ. ತೊಂದರೆ ಬರುವುದು ಓಸಿಆರ್ ಮಾಡಿದ, ಅಂದರೆ ಪುಟದ ಚಿತ್ರ ನೋಡಿ ಯಂತ್ರವೇ ಅಕ್ಷರ ಗುರುತಿಸಿ ಇಳಿಸಿದ ಪಠ್ಯವನ್ನು ಯಾರೂ ತಿದ್ದದೆ ಅಚ್ಚಿಗೆ ಕಳಿಸಿದಾಗ. ಬಿ.ಎಲ್. ರೈಸ್ ಅವರ ಶಾಸನ ಸಂಗ್ರಹ ಎಪಿಗ್ರಾಫಿಯಾ ಕರ್ನಾಟಿಕಾದ ಹಾಸನ ಜಿಲ್ಲೆಯ ಸಂಪುಟವನ್ನೇ ನೋಡಿ, 1902ರದ್ದು. ಅದರಲ್ಲಿ ಶಾಸನದ ಪಠ್ಯ ಕನ್ನಡ ಲಿಪಿಯಲ್ಲೂ ಇದೆ, ಮೇಲೆ ಗೆರೆ ಕೆಳಗೆ ಚುಕ್ಕೆ ಹಾಕಿದ ರೋಮನ್ ಲಿಪಿಯಲ್ಲೂ ಇದೆ, ಇಂಗ್ಲಿಷ್ ಅನುವಾದವೂ ಇದೆ. ಇಂಗ್ಲಿಷ್ ಮಾತ್ರ ಬಲ್ಲ ಯಂತ್ರಕ್ಕೆ ಇಂಥ ಪುಟ ಕೊಟ್ಟರೆ ಕನ್ನಡದ ‘ಠ’ ಸೊನ್ನೆಯಾಗುತ್ತದೆ, ಒತ್ತಕ್ಷರಗಳು ಕಂಸ, ಅಲ್ಪವಿರಾಮ, ಡಾಲರ್ ಚಿಹ್ನೆಗಳಾಗಿ ಚೆಲ್ಲಾಪಿಲ್ಲಿಯಾಗುತ್ತವೆ, ರೋಮನ್ನಿನ ಚುಕ್ಕೆಗಳು ಉದುರಿ ‘ಳ’ ‘ಲ’ ಎರಡೂ ಒಂದೇ ಆಗುತ್ತವೆ. ಶಾಸನ ಓದುವವರಿಗೆ ಅದಕ್ಕಿಂತ ಅನ್ಯಾಯ ಇಲ್ಲ.

ಈಗಂತೂ ನಕಲು ಮಾಡುವ ಶ್ರಮವೂ ಉಳಿದಿಲ್ಲ, ಎಐ ಬಂದಿದೆ. 2023ರ ಆಗಸ್ಟ್‌ನಲ್ಲಿ ನ್ಯೂಯಾರ್ಕಿನ ಅಣಬೆ ಅಧ್ಯಯನದ ಸಂಘವೊಂದು, ಕಾಡಿನ ಅಣಬೆ ಗುರುತಿಸುವ ಎಐ ಪುಸ್ತಕಗಳನ್ನು ನಂಬಬೇಡಿ, ಪ್ರಾಣದ ಪ್ರಶ್ನೆ ಎಂದು ಎಚ್ಚರಿಸಬೇಕಾಯಿತು. ಮುಂದಿನ ತಿಂಗಳು ಅಮೆಜಾನ್ ತನ್ನ ಸ್ವಯಂ ಪ್ರಕಾಶನ ವಿಭಾಗದಲ್ಲಿ ಒಬ್ಬರಿಗೆ ದಿನಕ್ಕೆ ಮೂರೇ ಹೊಸ ಪುಸ್ತಕ ಎಂಬ ಮಿತಿ ಹಾಕಿತು. ದಿನಕ್ಕೆ ಮೂರು! ಎಐ ಬಳಸಿದ್ದರೆ ಕಂಪನಿಗೆ ತಿಳಿಸಬೇಕೆಂಬ ನಿಯಮವನ್ನೂ ಆಗಲೇ ತಂದರು, ಆದರೆ ಕೊಳ್ಳುವವರಿಗೆ ಕಾಣುವಂತೆ ಹಾಕಬೇಕೆಂದು ಹೇಳಲಿಲ್ಲ.

ಗುರುತಿಸುವುದು ಕಷ್ಟವೇನಲ್ಲ. ಶೀರ್ಷಿಕೆ ಅಲ್ಪವಿರಾಮ ಹಾಕಿಕೊಂಡು ಉದ್ದಕ್ಕೆ ಹೋಗುತ್ತಿದೆಯಾ ನೋಡಿ (ನೀವು ಕಳಿಸಿದ್ದರಲ್ಲಿ ಹೊಯ್ಸಳ, ಬೇಲೂರು, ದ್ರಾವಿಡ ವಾಸ್ತುಶಿಲ್ಪ, ದೆಹಲಿ ಸುಲ್ತಾನರು ಎಲ್ಲ ಶೀರ್ಷಿಕೆಯಲ್ಲೇ ಇದ್ದಾರೆ). ಪುಟಕ್ಕೆ ಎಷ್ಟು ರೂಪಾಯಿ ಬಿತ್ತು ಲೆಕ್ಕ ಹಾಕಿ. ಸಂಪಾದಕರ ಹೆಸರನ್ನು ಒತ್ತಿ, ಅವರ ಉಳಿದ ಪುಸ್ತಕ ಯಾವುವು ನೋಡಿದರೆ ಅರ್ಧ ನಿಮಿಷದಲ್ಲಿ ಬಣ್ಣ ಬಯಲು. ಒಳಪುಟದ ಸ್ಯಾಂಪಲ್ ಕೊಟ್ಟಿದ್ದರೆ ಅದರಿಂದ ಒಂದು ಪೂರ್ತಿ ವಾಕ್ಯ ಎತ್ತಿ ಉದ್ಧರಣ ಚಿಹ್ನೆಯೊಳಗೆ ಹಾಕಿ ಗೂಗಲ್ ಮಾಡಿ. ಸ್ಯಾಂಪಲ್ಲೇ ಇಲ್ಲದಿದ್ದರೆ ಅದೂ ಒಂದು ಉತ್ತರ.

ವಿಕಿಪೀಡಿಯಾ ಲೇಖನ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ, ಹೊಯ್ಸಳರ ಲೇಖನ ಚೆನ್ನಾಗಿಯೇ ಇದೆ. ಕಾಗದದ ಮೇಲೇ ಬೇಕಾದರೆ ಅಲ್ಲೇ ಪಿಡಿಎಫ್ ಇಳಿಸಿಕೊಳ್ಳುವ ಸೌಲಭ್ಯವಿದೆ, ಬೀದಿ ಕೊನೆಯ ಜೆರಾಕ್ಸ್ ಅಂಗಡಿಯಲ್ಲಿ ಸ್ಪೈರಲ್ ಬೈಂಡಿಂಗ್ ಸಮೇತ ಇನ್ನೂರು ಮುನ್ನೂರಕ್ಕೆ ಮುಗಿಯುತ್ತದೆ. ವಿಕಿಪೀಡಿಯಾದಲ್ಲಿ ಇವತ್ತು ತಪ್ಪಿದ್ದರೆ ನಾಳೆ ಯಾರೋ ತಿದ್ದುತ್ತಾರೆ, ಅಚ್ಚಾದ ಪುಸ್ತಕದಲ್ಲಿ ಆ ತಪ್ಪು ಹಾಗೇ ಕೂರುತ್ತದೆ. ಮಗಳು ಅದನ್ನು ಗ್ರಂಥಋಣದಲ್ಲಿ ‘ಪುಸ್ತಕ’ ಎಂದು ಹಾಕಿ, ವೈವಾದಲ್ಲಿ ಕೂತವರಲ್ಲಿ ಒಬ್ಬರು ಆ ಪ್ರಕಾಶನದ ಹೆಸರು ಬಲ್ಲವರಾಗಿದ್ದರೆ ಅವಳ ಪಾಡು ಯೋಚಿಸಿ.

ಅಂದ ಹಾಗೆ, ಮಗಳ ಪ್ರಾಜೆಕ್ಟ್ ಮುಗಿದ ಮೇಲೆ ‘ನಿಮ್ಮ ಪ್ರಬಂಧವನ್ನು ಪುಕ್ಕಟೆ ಪ್ರಕಟಿಸುತ್ತೇವೆ’ ಎಂಬ ಇಮೇಲ್ ಬಂದರೂ ಬರಬಹುದು. ಅದೇ ವಿಡಿಎಂ ಬಳಗದ ಲ್ಯಾಂಬರ್ಟ್ ಎಂಬ ಮುದ್ರೆಯಿಂದ ನಮ್ಮ ಸಂಶೋಧನಾ ವಿದ್ಯಾರ್ಥಿಗಳಿಗೆ ಅಂಥವು ಬೇಕಾದಷ್ಟು ಬಂದಿವೆ. ಅಲ್ಲಿ ಬರಹ ಲೇಖಕರದ್ದೇ, ವಿಕಿಪೀಡಿಯಾದ್ದಲ್ಲ. ಆದರೂ ಗೈಡ್ ಅವರನ್ನು ಕೇಳದೆ ಉತ್ತರ ಕೊಡುವುದು ಬೇಡ.

ಇನ್ನು ಏನು ಓದಬೇಕು. ರಾಜಕೀಯ ಇತಿಹಾಸಕ್ಕೆ ಜೆ. ಡಂಕನ್ ಎಂ. ಡೆರೆಟ್ ಅವರ ‘ದಿ ಹೊಯ್ಸಳಾಸ್’, ಆಕ್ಸ್‌ಫರ್ಡ್ ಪ್ರಕಾಶನ, 1957. ಹಳೆಯದಾದರೂ ಈ ವಿಷಯಕ್ಕೆ ಕೈ ಹಾಕಿದವರು ಅದನ್ನು ದಾಟಿ ಹೋಗುವಂತಿಲ್ಲ. ಬಿ. ಶೇಖ್ ಅಲಿ ಅವರು ಸಂಪಾದಿಸಿದ ‘ದಿ ಹೊಯ್ಸಳ ಡೈನಾಸ್ಟಿ’ ಮೈಸೂರು ವಿಶ್ವವಿದ್ಯಾನಿಲಯದ ಪ್ರಸಾರಾಂಗದಿಂದ 1972ರಲ್ಲಿ ಬಂತು. ಸೋಮನಾಥಪುರದ ದೇವಾಲಯದ ಮೇಲೆ ಆರ್. ನರಸಿಂಹಾಚಾರ್ ಬರೆದ 1917ರ ಚಿಕ್ಕ ಪುಸ್ತಕದ ಹಕ್ಕುಸ್ವಾಮ್ಯ ಯಾವತ್ತೋ ಮುಗಿದಿದೆ, ಅದಕ್ಕೆ ದುಡ್ಡು ಕೊಡಬೇಡಿ, ಸ್ಕ್ಯಾನ್ ಓದಲಿ. ಶಾಸನಗಳಿಗೆ ರೈಸ್ ಸಂಪುಟದ ಜೊತೆಗೆ ಮೈಸೂರು ವಿಶ್ವವಿದ್ಯಾನಿಲಯದ ಪರಿಷ್ಕೃತ ಆವೃತ್ತಿಯನ್ನೂ ನೋಡಲೇಬೇಕು.

ಇವು ಹೊಸದಾಗಿ ಕೊಳ್ಳಲು ಸಿಗದಿದ್ದರೆ ಕಾಲೇಜಿನ ಲೈಬ್ರರಿಯನ್ ಹತ್ತಿರ ಒಂದು ಪರಿಚಯ ಪತ್ರ ಬರೆಸಿಕೊಂಡು ವಿಶ್ವವಿದ್ಯಾನಿಲಯದ ಲೈಬ್ರರಿಗೆ ಹೋಗಲಿ. ಐಡಿ ಕಾರ್ಡ್ ಮರೆಯುವುದು ಬೇಡ. ಬೆಳಗ್ಗೆ ಬೇಗ ಹೋದರೆ ರೆಫರೆನ್ಸ್ ವಿಭಾಗದವರು ಸಮಾಧಾನವಾಗಿ ಹುಡುಕಿ ಕೊಡುತ್ತಾರೆ, ಊಟದ ಹೊತ್ತಿನಲ್ಲಿ ಹೋದರೆ ನಾನೂ ಹುಡುಕಿಕೊಡುವುದಿಲ್ಲ.